ನಾಲ್ಕನೇ ಮೊಳೆಯ ಫೋಟೋ

ಮರ್ವಿನ್ ಟ್ರೆಝೈಸ್ ಫೋಟೋಗ್ರಫಿ ಓದುತ್ತಿದ್ದಾನೆ ಎಂಬ ಸುದ್ದಿ ಪೋರ್ಟ್ ಕಾರ್ನೋ ಊರಿನಲ್ಲಿ ಹರಡಿದ್ದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ. ಹರಡಿದವನು ಅವನೇ. ಅದೂ ಎಲ್ಲಿ ಅಂತೀರಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ, ಶನಿವಾರ ಮಧ್ಯಾಹ್ನ, ಊರಿನ ಅರ್ಧ ಜನ ಬಿಳಿ ಬಟ್ಟೆ ತೊಟ್ಟು ಕೂತಿರುವಾಗ. ಕ್ಲಬ್ಬಿನ ಅಧ್ಯಕ್ಷ ಕ್ಲಾರಿ ಹಾಕಿಂಗ್, ತಾನು ಹಡಗಿನಲ್ಲಿ ಪ್ರವಾಸ ಹೋಗಿ ತೆಗೆದ ನಾನೂರು ಸೂರ್ಯಾಸ್ತಗಳನ್ನು ಗೋಡೆಯ ಮೇಲೆ ಒಂದೊಂದಾಗಿ ತೋರಿಸುತ್ತಿದ್ದ. ಇನ್ನೂರನೇ ಸೂರ್ಯ ಮುಳುಗುವ ಹೊತ್ತಿಗೆ ಮರ್ವಿನ್‌ನ ತಾಳ್ಮೆಯೂ ಮುಳುಗಿತು. ಬೆಳಕು ಸರಿಯಾಗಿ ಬಿದ್ದಿಲ್ಲ ಅಂದುಬಿಟ್ಟ. ನಿನಗೇನಯ್ಯ ಗೊತ್ತು ಬೆಳಕಿನ ವಿಷಯ ಎಂದು ಕ್ಲಾರಿ ಕೇಳಿದ್ದಕ್ಕೆ, ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗಿ, "ನಾನು ಓದ್ತಾ ಇದೀನಪ್ಪ, ಕಾಲೇಜಲ್ಲಿ" ಎಂದ.

ಮೂವತ್ತೆಂಟು ವರ್ಷ ಬಂದರಿನ ಗೋಧಿ ಗೋದಾಮಿನಲ್ಲಿ ಲಾರಿ ತೂಗಿ ನಿವೃತ್ತನಾದ ಮನುಷ್ಯ ಇಂಥ ಮಾತಾಡಿದರೆ ಜನ ನಗಬೇಕಿತ್ತು. ನಗಲಿಲ್ಲ. ಅದೇ ಅನಾಹುತಕ್ಕೆ ಮೂಲವಾಯಿತು. ಕ್ಲಬ್ಬಿಗೆ ಆ ಅಕ್ಟೋಬರಿಗೆ ಸರಿಯಾಗಿ ನೂರು ವರ್ಷ ತುಂಬುತ್ತಿತ್ತು. ಇಪ್ಪತ್ತೈದು ವರ್ಷಕ್ಕೊಮ್ಮೆ ಒಂದು ಅಧಿಕೃತ ಫೋಟೋ ತೆಗೆಸಿ ಒಳಗಿನ ಗೋಡೆಗೆ ತೂಗುಹಾಕುವುದು ಅಲ್ಲಿಯ ಪದ್ಧತಿ. ಮೂರು ಫೋಟೋ ಆಗಲೇ ತೂಗುತ್ತಿದ್ದವು. ನಾಲ್ಕನೆಯದಕ್ಕೆ ಕ್ಲಾರಿ ತನ್ನ ಕೈಯಾರೆ ಮೊಳೆ ಹೊಡೆದು ಒಂದು ತಿಂಗಳಾಗಿತ್ತು. ಅಡಿಲೇಡಿನಿಂದ ಒಬ್ಬ ಫೋಟೋಗ್ರಾಫರ್ ಬರುವುದೆಂದು ನಿಗದಿಯಾಗಿತ್ತು. ಕ್ಲಾರಿ ಅಲ್ಲೇ, ಎಲ್ಲರೆದುರಿಗೆ, ಅವನಿಗೆ ಫೋನ್ ಮಾಡಿ ಬರಬೇಡಪ್ಪ, ನಮ್ಮಲ್ಲೇ ಓದಿದವರು ಇದ್ದಾರೆ ಎಂದ. ಬಾಯಿ ಬಿಟ್ಟವನನ್ನು ನೀರಿಗೆ ತಳ್ಳಿ ಈಜು ನೋಡುವುದರಲ್ಲಿ ಕ್ಲಾರಿಗೆ ಮೊದಲಿನಿಂದಲೂ ಆಸಕ್ತಿ.

ಮರ್ವಿನ್ ಸುಳ್ಳು ಹೇಳಿರಲಿಲ್ಲ. ಓದುತ್ತಿದ್ದದ್ದು ನಿಜ. ಅರ್ಜಿಯಲ್ಲಿ 'ಫೋಟೋಗ್ರಫಿ' ಎಂಬಷ್ಟನ್ನು ಓದಿ ಸಹಿ ಹಾಕಿದ್ದ. ಅದರ ಕೆಳಗೆ 'ಪ್ರಯೋಗಶೀಲ ಸಮಕಾಲೀನ ಕಲಾಭ್ಯಾಸ' ಎಂದು ಸಣ್ಣಕ್ಷರದಲ್ಲಿತ್ತು. ಕನ್ನಡಕ ಕಾರಿನಲ್ಲಿತ್ತು. ಪ್ರತಿ ಮಂಗಳವಾರ ಬೆಳಿಗ್ಗೆ ಹಳೆಯ ಪ್ರೈಮರಿ ಶಾಲೆಯ ಕಟ್ಟಡದಲ್ಲಿ ತರಗತಿ. ಮೇಷ್ಟರಮ್ಮ ಟ್ಯಾಮ್ಸಿನ್ ವೆಲ್ಲಾ, ಮೂವತ್ತು ವಯಸ್ಸು, ತಲೆಯ ಒಂದು ಕಡೆ ಮಾತ್ರ ಕೂದಲು. ಮೊದಲನೇ ದಿನ ಆಕೆ ಎಲ್ಲರ ಕ್ಯಾಮೆರಾಗಳನ್ನೂ ಈಸಿಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ವರ್ಷದ ಕೊನೆಗೆ ವಾಪಸು ಕೊಡುತ್ತೇನೆ, ಅಷ್ಟರಲ್ಲಿ ನಿಮಗೇ ಬೇಡವಾಗಿರುತ್ತದೆ ಅಂದಳು. ಆಮೇಲೆ ಬೀಟ್‌ರೂಟ್ ರಸ ಬಳಿದ ಕಾಗದದ ಮೇಲೆ ಎಲೆಯಿಟ್ಟು ಮೂರು ವಾರ ಬಿಸಿಲಿಗಿಡುವುದು, ಆಲೂಗಡ್ಡೆ ಸಿಪ್ಪೆಯ ನೆರಳು ಹಿಡಿಯುವುದು, ಇಂಥವೇ ಪಾಠಗಳು. ಒಂದು ಸಲ ಮರ್ವಿನ್‌ನ ಕಾಗದದ ಮೇಲೆ ಅವನ ಸ್ಯಾಂಡ್‌ವಿಚ್ಚಿನ ಉಪ್ಪಿನಕಾಯಿ ಸೋರಿತ್ತು. ಟ್ಯಾಮ್ಸಿನ್ ಅದನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿ, ಇಡೀ ತರಗತಿಯಲ್ಲಿ ಇದೊಂದೇ ಪ್ರಾಮಾಣಿಕ ಕೃತಿ ಎಂದಳು. ಅದು ಉಪ್ಪಿನಕಾಯಿ ಎಂದು ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

ಇಷ್ಟೇ ಆಗಿದ್ದರೆ ಕ್ಲಬ್ಬಿಗೆ ಹೋಗಿ ತಪ್ಪಾಯಿತೆಂದು ಕೈಮುಗಿದುಬಿಡಬಹುದಿತ್ತು. ಆದರೆ ನಡುವೆ ಅತ್ತೆ ಇದ್ದರು.

ಹೆಂಡತಿ ಕೊರಾಲಿಯ ತಾಯಿ ಇಲ್ಮಾ ಪ್ಯಾಸ್ಕೋ, ತೊಂಬತ್ತನಾಲ್ಕು ವರ್ಷ. ಕ್ಲಬ್ಬಿನ ಮೊದಲ ಹುಲ್ಲು ಹಾಸಿದ್ದು ಅವರಪ್ಪ. ಇಪ್ಪತ್ತೈದನೇ ವರ್ಷದ ಫೋಟೋ ತೆಗೆದಾಗ ಇಲ್ಮಾಗೆ ಹತ್ತೊಂಬತ್ತು. ಆಗ ಹೆಂಗಸರು ಹುಲ್ಲಿನ ಮೇಲೆ ಕಾಲಿಡುವ ಹಾಗಿರಲಿಲ್ಲ, ಬೇಲಿಯಾಚೆ ನಿಂತು ನೋಡಿದರು. ಐವತ್ತರ ಫೋಟೋ ಹೊತ್ತಿಗೆ ಅಡುಗೆಮನೆಯಲ್ಲಿ ಟೀ ಕಾಯಿಸುತ್ತಿದ್ದರು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಎಪ್ಪತ್ತೈದರಲ್ಲಿ ಎರಡನೇ ಸಾಲಿನಲ್ಲಿ ನಿಂತರು, ಮುಂದೆ ನಿಂತವನ ಟೋಪಿ ಅಡ್ಡ ಬಂತು. ಆ ಫೋಟೋದಲ್ಲಿ ಇಲ್ಮಾರದು ಒಂದು ಮೊಣಕೈ ಮಾತ್ರ ಇದೆ. ಅಳಿಯನೇ ಫೋಟೋ ತೆಗೆಯುತ್ತಾನೆಂದು ಕೇಳಿದ ದಿನ ಅವರು ಅವನ ಅಂಗೈ ಹಿಡಿದುಕೊಂಡು, "ಮರ್ವಿನ್, ಈ ಸಲ ನನ್ನ ಮುಖ ಬರಬೇಕು ಕಣಪ್ಪ. ನೂರಿಪ್ಪತ್ತೈದಕ್ಕೆ ನಾನಿರಲ್ಲ" ಎಂದರು. ಮರ್ವಿನ್ ಆಗಲಿ ಅಂದ. ಅವತ್ತಿನಿಂದ ಅವನಿಗೆ ಊಟ ಸೇರಲಿಲ್ಲ.

ಮುಂದಿನ ಮಂಗಳವಾರ ಹೋಗಿ ಟ್ಯಾಮ್ಸಿನ್ ಮುಂದೆ ಗೋಗರೆದ. ಒಂದೇ ಒಂದು ದಿನಕ್ಕೆ ಕ್ಯಾಮೆರಾ ಕೊಡಿ ಎಂದ. ನೀವು ಹಿಂದಕ್ಕೆ ಜಾರುತ್ತಾ ಇದ್ದೀರಿ ಮರ್ವಿನ್ ಎಂದು ಆಕೆ ನೊಂದುಕೊಂಡಳು. ಕೊಟ್ಟಿದ್ದರೂ ಅಷ್ಟರಲ್ಲೇ ಇತ್ತು ಬಿಡಿ. ಅವನು ತೆಗೆದ ಸ್ವಂತ ಮಗಳ ಮದುವೆ ಫೋಟೋಗಳಲ್ಲಿ ಮದುಮಗನ ತಲೆ ಇಂದಿಗೂ ಪತ್ತೆಯಾಗಿಲ್ಲ. ಕೊನೆಗೆ ಟ್ಯಾಮ್ಸಿನ್ ಮರುಗಿ ಒಂದು ಬಿಸ್ಕತ್ತಿನ ಡಬ್ಬಿಗೆ ಸೂಜಿಯಿಂದ ತೂತು ಕೊರೆದು, ಅದಕ್ಕೊಂದು ಟೇಪು ಅಂಟಿಸಿ, ಒಳಗೆ ಬೆಳಕಿಗೆ ಕಪ್ಪಾಗುವ ಕಾಗದ ಇಟ್ಟು ಮುಚ್ಚಿ ಕೊಟ್ಟಳು. ಟೇಪು ಕಿತ್ತು ಎರಡು ನಿಮಿಷ ಹಿಡಿದರೆ ಸಾಕು, ಎದುರಿಗಿದ್ದದ್ದೆಲ್ಲ ಒಳಗೆ ಮೂಡುತ್ತದೆ. ಮುಚ್ಚಳ ಮಾತ್ರ ತೆಗೆಯಕೂಡದು. ಜೊತೆಗೆ, ಕೋರ್ಸಿನ ಕೊನೆಯ ಕೆಲಸವಾಗಿ ಆಳೆತ್ತರದ ಒಂದು ಬಟ್ಟೆಗೆ ನೀಲಿಮುದ್ರಣದ ದ್ರಾವಣ ಬಳಿದು ತಯಾರಿಟ್ಟುಕೊಳ್ಳಿ ಎಂದೂ ಹೇಳಿ ಕಳಿಸಿದಳು.

ದ್ರಾವಣವೆಂದರೆ ಎರಡು ಬಗೆಯ ಕಬ್ಬಿಣದ ಉಪ್ಪಿನ ನೀರು. ಬಟ್ಟೆಗೆ ಬಳಿದು ಕತ್ತಲಲ್ಲಿ ಒಣಗಿಸಿದರೆ ಮಾಸಲು ಹಳದಿಯಾಗಿರುತ್ತದೆ. ಬಿಸಿಲು ಬಿದ್ದಲ್ಲಿ ಬಣ್ಣ ತಿರುಗುತ್ತದೆ, ನೆರಳು ಬಿದ್ದಲ್ಲಿ ಇಲ್ಲ. ಆಮೇಲೆ ನೀರಲ್ಲಿ ಜಾಲಿಸಿದರೆ ಬಿಸಿಲು ಕಡು ನೀಲಿ, ನೆರಳು ಬಿಳಿ. ಮರ್ವಿನ್ ಹಾಸಿಗೆಬಟ್ಟೆಯ ಕಪಾಟಿನ ತಳದಿಂದ ಯಾರೂ ಬಳಸದ ಹಳೇ ಬಟ್ಟೆಯೊಂದನ್ನು ಎಳೆದು, ಬಟ್ಟೆ ಒಗೆಯುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಬಳಿದ. ಒಣಗಿದ ಮೇಲೆ ಮಡಚಿ ಮತ್ತೆ ಅದೇ ಕಪಾಟಿನ ತಳದಲ್ಲಿ ಇಟ್ಟ. ಆ ಮನೆಯಲ್ಲಿ ಅದಕ್ಕಿಂತ ಕತ್ತಲಿನ ಜಾಗ ಇರಲಿಲ್ಲ. ಹೆಂಡತಿಗೆ ಹೇಳಲಿಲ್ಲ, ಏಕೆಂದರೆ ಬೀಟ್‌ರೂಟಿನ ವಿಷಯದಲ್ಲಿ ಆಗಲೇ ಒಂದು ಜಗಳ ಆಗಿತ್ತು.

ನೂರರ ದಿನ ಭಾನುವಾರ ಬಂತು. ಹೊಡೆಯುವ ಬಿಸಿಲು. ಹುಲ್ಲಿನ ಅಂಚಿನಲ್ಲಿ ಮೇಜುಗಳು, ಎಲ್ಲರೂ ಬಿಳಿ ಬಟ್ಟೆ, ಬಿಳಿ ಟೋಪಿ. ಬಾಗಿಲಲ್ಲಿ ಕ್ಲಾರಿಯ ಬುಟ್ಟಿ. ಆಟಗಾರ ಚೆಂಡು ಉರುಳಿಸುವಾಗ ಯಾರದೋ ಮೊಬೈಲು ಹಾಡಿತೆಂದು ಕ್ಲಾರಿ ಮೂರು ವರ್ಷದ ಹಿಂದೆ ಮಾಡಿದ ನಿಯಮದಂತೆ ಎಲ್ಲರ ಮೊಬೈಲೂ ಅದರೊಳಗೆ. ಪ್ರತಿ ಮನೆಯವರೂ ಒಂದೊಂದು ತಟ್ಟೆ ತಿಂಡಿ ತರಬೇಕು. ಕೊರಾಲಿ ಲ್ಯಾಮಿಂಗ್ಟನ್ ಕೇಕು ಹೊತ್ತು ಬೇಗನೇ ಬಂದಿದ್ದಳು. ಮರ್ವಿನ್ ಅತ್ತೆಯನ್ನು ಕರೆದುಕೊಂಡು ಆಮೇಲೆ ಬಂದ, ಡಬ್ಬಿಯನ್ನು ಎದೆಗವಚಿಕೊಂಡು. ಕಾರಿನಿಂದ ಅತ್ತೆಯನ್ನು ಇಳಿಸಲು ಎರಡು ಕೈ ಬೇಕಲ್ಲ, ಕ್ಲಬ್ಬಿನ ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿಯನ್ನು ಒಂದೇ ಒಂದು ನಿಮಿಷ ಇಟ್ಟ.

ಬಿಸ್ಕತ್ತಿನ ಡಬ್ಬಿಯನ್ನು ಆ ದಿನ ಆ ಕಟ್ಟೆಯ ಮೇಲೆ ಇಟ್ಟರೆ ಊರಿನಲ್ಲಿ ಯಾರಾದರೂ ಏನು ಮಾಡುತ್ತಾರೆ? ಮುಚ್ಚಳ ತೆಗೆದು ಬಿಸ್ಕತ್ತನ್ನು ತಟ್ಟೆಗೆ ಜೋಡಿಸುತ್ತಾರೆ. ಅದನ್ನೇ ಕ್ಲಾರಿ ಮಾಡಿದ. ಒಳಗೆ ಒಂದು ಬಿಳಿ ಕಾಗದ ಬಿಟ್ಟರೆ ಏನೂ ಇಲ್ಲ. ಕಾಗದ ಅವನ ಕಣ್ಣೆದುರೇ ಬೂದುಬಣ್ಣಕ್ಕೆ ತಿರುಗಿತು. ಮರ್ವಿನ್ ಟ್ರೆಝೈಸ್ ಶತಮಾನೋತ್ಸವಕ್ಕೆ ಖಾಲಿ ಡಬ್ಬಿ ತಂದಿದ್ದಾನೆ ಎಂದು ಅವನು ಡಬ್ಬಿಯನ್ನು ತಲೆಕೆಳಗು ಹಿಡಿದು ಎಲ್ಲರಿಗೂ ತೋರಿಸಿಕೊಂಡು ಬಂದ. ಆ ಊರಿನಲ್ಲಿ ಕಳ್ಳತನ ಮಾಡಿದವರನ್ನು ಕ್ಷಮಿಸಿದ್ದುಂಟು. ತಟ್ಟೆ ತರದೆ ಬಂದವರನ್ನು ಕ್ಷಮಿಸಿದ ದಾಖಲೆಯಿಲ್ಲ. ಕೊರಾಲಿಯ ಮುಖ ಕೆಂಪಾಯಿತು.

"ನನ್ನ ಲ್ಯಾಮಿಂಗ್ಟನ್ ಸಾಲದು ಅಂತ ನಿನ್ನ ಖಾಲಿ ಡಬ್ಬಿ ಬೇರೆನಾ?"

"ಅದು ಡಬ್ಬಿ ಅಲ್ಲ ಕೊರಾಲಿ, ಕ್ಯಾಮೆರಾ," ಎಂದು ಮರ್ವಿನ್ ಪಿಸುಗುಟ್ಟಿದ. "ಬೇರೆ ಇಲ್ಲ ನನ್ನ ಹತ್ರ."

ಕೊರಾಲಿ ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದವಳು. ಇನ್ನೇನೂ ಕೇಳದೆ ಹತ್ತಿರದ ಕುರ್ಚಿ ಎಳೆದುಕೊಂಡು ಕೂತಳು. ಅಮ್ಮನಿಗೆ ನೀನೇ ಹೇಳು ಎಂದಷ್ಟೇ ಅಂದಳು.

ಹೇಳಲು ಮರ್ವಿನ್ ಹೊರಗೆ ಬಂದ. ಇಲ್ಮಾ ಮುಖ್ಯ ಮೇಜಿನ ತಲೆಯ ಕಡೆ ಕೂತು, ಹ್ಯಾಟಿಗೆ ಹೊಸ ರಿಬ್ಬನ್ ಕಟ್ಟಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಫೋಟೋ ಯಾವಾಗ ಎಂದು ಕೇಳಿದರು. ಊಟವಾಗಲಿ ಎಂದ. ಹಾಗೆನ್ನುವಾಗ ಕಣ್ಣು ಮೇಜಿನ ಮೇಲೆ ಬಿತ್ತು. ಮೇಲೆ ಈಗಷ್ಟೇ ಹಾಸಿದ ಮಾಸಲು ಹಳದಿಯ ದೊಡ್ಡ ಬಟ್ಟೆಯಿತ್ತು. ಅದರ ಮೇಲೆ ತಟ್ಟೆಗಳು, ಚಮಚಗಳು, ಮಾಂಸ ತುಂಬಿದ ಪೇಸ್ಟಿಗಳು, ಮೊಟ್ಟೆ ಸ್ಯಾಂಡ್‌ವಿಚ್ಚುಗಳು. ಬಟ್ಟೆಯ ಅಂಚಿನಲ್ಲಿ ಒಂದು ಹನಿ ಒಣಗಿದ ಗುರುತು ಇತ್ತು. ಆ ಹನಿ ತನ್ನ ಕುಂಚದಿಂದಲೇ ಬಿದ್ದದ್ದೆಂದು ಅವನಿಗೆ ಗುರುತು ಸಿಕ್ಕಿತು.

ಅಷ್ಟರಲ್ಲಿ ಕ್ಲಾರಿ ಮೈಕು ಹಿಡಿದು ಭಾಷಣ ಶುರುಮಾಡಿದ. ಈ ಮೇಜಿನ ಮೇಲಿರುವುದು ಸಾಮಾನ್ಯ ಬಟ್ಟೆಯಲ್ಲ ಎಂದ. ನೂರು ವರ್ಷದ ಹಿಂದೆ ಇದೇ ದಿನ, ಕ್ಲಬ್ಬು ತೆರೆದಾಗ, ಇಲ್ಮಾರ ತಾಯಿ ತಮ್ಮ ಮದುವೆಯ ಮೇಜುಹಾಸನ್ನು ತಂದು ಹಾಸಿದ್ದರಂತೆ; ಅದನ್ನೇ ಕೊರಾಲಿ ಇಂದು ಕಪಾಟಿನ ತಳದಿಂದ ಹುಡುಕಿ ತಂದಿದ್ದಾಳಂತೆ; ವಯಸ್ಸಾಗಿ ಹಳದಿ ತಿರುಗಿದೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರ್ವಿನ್ ಲೆಕ್ಕ ಹಾಕಿದ. ಕ್ಯಾಮೆರಾ ಹೋಯಿತು, ಮಾನ ಹೋಯಿತು, ಈಗ ಅತ್ತೆಯ ತಾಯಿಯ ಮದುವೆಯ ಮೇಜುಹಾಸೂ ಹೋಗುತ್ತಿತ್ತು, ಅದೂ ಅತ್ತೆಯ ಕಣ್ಣೆದುರಿಗೆ, ಬಿಸಿಲಿನಲ್ಲಿ, ನಿಧಾನವಾಗಿ.

ಬಟ್ಟೆ ಬಣ್ಣ ತಿರುಗುತ್ತಿತ್ತು. ಮೊದಲು ಹಸಿರು, ಆಮೇಲೆ ಬೂದು. ಕ್ಲಾರಿಯ ಭಾಷಣ ಹುಲ್ಲಿನ ತಳಿಗಳ ಇತಿಹಾಸ ಮುಟ್ಟುವ ಹೊತ್ತಿಗೆ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ, ಬಟ್ಟೆಗೆ ಬೂಷ್ಟು ಹಿಡೀತಿದೆ ಅಂದಳು. ನೂರು ವರ್ಷದ ಬಟ್ಟೆ, ಗಾಳಿ ಸೋಕಿ ಕೊಳೆಯುತ್ತಿದೆ ಎಂದು ಇನ್ನೊಬ್ಬ. ಮೊಟ್ಟೆ ಸ್ಯಾಂಡ್‌ವಿಚ್ ತಿಂದವರು ತಿನ್ನುವುದನ್ನು ನಿಲ್ಲಿಸಿ ತಿನ್ನದವರ ಮುಖ ನೋಡಿದರು. ಬೆವರಿದ ಕೈಗಳಿಗೆ, ಬಿಳಿ ಅಂಗಿಯ ತೋಳಿಗೆ, ಎಲ್ಲಿ ಬಟ್ಟೆ ತಗಲಿತ್ತೋ ಅಲ್ಲೆಲ್ಲ ನೀಲಿ ಕಲೆ ಏಳತೊಡಗಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಒಬ್ಬ ಹೆಂಗಸು ಎದ್ದು ನಿಂತು, ಯಾರೂ ಇನ್ನು ಈ ಮೇಜಿನಿಂದ ಏನನ್ನೂ ಬಾಯಿಗೆ ಹಾಕಬೇಡಿ ಎಂದಳು. ಆಮೇಲೆ ಅವಳ ದೃಷ್ಟಿ ಮೇಜಿನ ತಲೆಯ ಕಡೆ ಹೋಯಿತು.

"ಇಲ್ಮಾ ಅಲ್ಲಾಡ್ತಿಲ್ಲ," ಎಂದಳು.

ಇಲ್ಮಾ ಪ್ಯಾಸ್ಕೋ ಮೇಜುಹಾಸಿನ ಮೇಲೆ ಒಂದು ಕೆನ್ನೆ ಊರಿ, ಒಂದು ಕೈ ಚಾಚಿ, ಹ್ಯಾಟು ಓರೆಯಾಗಿ, ಮಲಗಿಬಿಟ್ಟಿದ್ದರು. ಕ್ಲಾರಿ ಭಾಷಣ ಬಿಟ್ಟು ಓಡಿಬಂದ. ಮೈಕಿನ ಸದ್ದು ನಿಂತಾಗ ಸಣ್ಣದೊಂದು ಗೊರಕೆ ಕೇಳಿಸಿತು. ನರ್ಸಮ್ಮ ಮಣಿಕಟ್ಟು ಮುಟ್ಟದೆಯೇ ಬಗ್ಗಿ ನೋಡಿ, ನಿದ್ದೆ, ಗಾಢ ನಿದ್ದೆ ಅಂದಳು. ಭಾಷಣ ಶುರುವಾದಾಗಿನಿಂದಲೂ ಮಲಗಿದ್ದಾರೆಂದು ಪಕ್ಕದವರು ಸಾಕ್ಷಿ ಹೇಳಿದರು. ಆದರೂ ಎಬ್ಬಿಸಿ, ಬಟ್ಟೆ ಎಳೆದು ಬಿಸಾಡಿ ಎಂದು ಕ್ಲಾರಿ ಇಲ್ಮಾರ ಭುಜಕ್ಕೆ ಕೈ ಹಾಕಲು ಹೋದ.

ಆಗ ಮರ್ವಿನ್‌ಗೆ ಏನಾಯಿತೋ ಅವನಿಗೇ ಗೊತ್ತಿಲ್ಲ. ಜನ್ಮದಲ್ಲಿ ಯಾರಿಗೂ ಅಪ್ಪಣೆ ಕೊಟ್ಟವನಲ್ಲ. ಲಾರಿಯವರಿಗೂ ಸ್ವಲ್ಪ ಮುಂದೆ ಬರ್ತೀರಾ ಎಂದೇ ಕೇಳುತ್ತಿದ್ದವನು. ಅತ್ತೆಯ ಮೂಗು, ಗಲ್ಲ, ಹ್ಯಾಟಿನ ಅಂಚು ಆ ಬೂದು ಬಟ್ಟೆಯ ಮೇಲೆ ಹೇಗೆ ಒರಗಿದ್ದವು ಎಂದು ನೋಡಿದ. ನೋಡಿ, ಮೇಜಿಗೂ ಕ್ಲಾರಿಗೂ ನಡುವೆ ಹೋಗಿ ನಿಂತ.

"ಅವರನ್ನ ಮುಟ್ಟಬೇಡ. ಯಾರೂ ಅಲ್ಲಾಡಬೇಡಿ. ಫೋಟೋ ತೆಗೀತಾ ಇದೀನಿ."

"ಕ್ಯಾಮೆರಾ ಎಲ್ಲಯ್ಯ?"

"ನೀವು ಊಟ ಮಾಡ್ತಾ ಇರೋದು ಅದರ ಮೇಲೇನೇ," ಎಂದ ಮರ್ವಿನ್.

ಇದು ವಿಷವೂ ಅಲ್ಲ ಬೂಷ್ಟೂ ಅಲ್ಲ, ಬಳಿದದ್ದು ತಾನೇ, ಏನು ಬಟ್ಟೆ ಅಂತ ಗೊತ್ತಿರಲಿಲ್ಲ, ಇದರ ಮೇಲೆ ಯಾರ ನೆರಳು ನಿಲ್ಲುತ್ತದೋ ಅವರು ಫೋಟೋದಲ್ಲಿ ಉಳಿಯುತ್ತಾರೆ, ಇನ್ನು ಹದಿನೈದು ನಿಮಿಷ ಅಂಗೈ ಊರಿ ಸುಮ್ಮನೆ ಕೂತರೆ ಸಾಕು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅತ್ತೆ ಹೋದರೂ ಇವನಿಗೆ ಫೋಟೋನೇ ಮುಖ್ಯ ಎಂದು ಹಿಂದಿನಿಂದ ಯಾರೋ ಅಂದರು. ಕೊರಾಲಿ ಎದ್ದು ಬಂದಳು. ಗಂಡನ ಮುಖ ನೋಡಿದಳು, ಅಮ್ಮನನ್ನು ನೋಡಿದಳು, ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಊರಿದಳು. ಆಮೇಲೆ ನರ್ಸಮ್ಮ ಊರಿದಳು. ಆಮೇಲೆ ಮೇಜಿನ ಸುತ್ತ ಒಬ್ಬೊಬ್ಬರೇ. ಬೇರೆ ಮೇಜಿನವರು ಬಂದು ಸಂದಿಗೊಂದಿಯಲ್ಲಿ ಒಂದೊಂದು ಕೈ ತೂರಿಸಿದರು. ಕ್ಲಾರಿ ಮಾತ್ರ, ಇದು ಕ್ಲಬ್ಬಿನ ನಿಯಮಾವಳಿಯಲ್ಲಿಲ್ಲ ಎಂದು ಹೇಳುತ್ತ, ಕೈಯಲ್ಲಿದ್ದ ಬಿಯರಿನ ಗ್ಲಾಸನ್ನು ಬಟ್ಟೆಯ ಮೇಲಿಟ್ಟು, ಮೈಕು ಹಿಡಿದು ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಇದ್ದ.

ಹದಿನೈದು ನಿಮಿಷ ಬೇಕಾಗಿದ್ದದ್ದು ಇಪ್ಪತ್ತಾಯಿತು. ಮರ್ವಿನ್‌ಗೆ ಗಡಿಯಾರ ನೋಡುವಷ್ಟು ಧೈರ್ಯವಿರಲಿಲ್ಲ. ಒಂದು ನೊಣ ಇಲ್ಮಾರ ಮೂಗಿನ ಕಡೆ ಹೊರಟಿತ್ತು. ಅದು ಕೂತಿದ್ದರೆ ಅವನ ಎದೆ ಅಲ್ಲೇ ನಿಲ್ಲುತ್ತಿತ್ತೇನೋ. ಕೂರಲಿಲ್ಲ. ಆಮೇಲೆ ಕೊರಾಲಿ ಅಮ್ಮನನ್ನು ಮೆಲ್ಲಗೆ ಎಬ್ಬಿಸಿದಳು, ಎಲ್ಲರೂ ತಟ್ಟೆಗಳನ್ನು ಒಟ್ಟಿಗೇ ಎತ್ತಿದರು, ಮರ್ವಿನ್ ಬಟ್ಟೆಯನ್ನು ಬಾಚಿ ಮಡಚಿ ನೀರಿನ ಪೈಪಿನತ್ತ ಓಡಿದ. ಹುಲ್ಲು ನೋಡಿಕೊಳ್ಳುವಾತ ಅಡ್ಡ ಬಂದು ನನ್ನ ಹೆಣ ದಾಟಿಕೊಂಡು ಹೋಗು ಎಂದ. ಒಂದು ಹನಿ ಬಣ್ಣದ ನೀರೂ ತನ್ನ ಹುಲ್ಲಿಗೆ ಸೋಕಕೂಡದು ಎಂದ. ಅದಕ್ಕೆ ಬಿಯರು ತಣ್ಣಗಿಡುವ ದೊಡ್ಡ ಪೆಟ್ಟಿಗೆಯಿಂದ ಬಾಟಲಿಗಳನ್ನೆಲ್ಲ ತೆಗೆದು, ಐಸು ಕರಗಿದ ನೀರಿನಲ್ಲಿ ಜಾಲಿಸಬೇಕಾಯಿತು. ನೀರು ಹಳದಿಯಾಯಿತು. ಇನ್ನೊಂದು ಪೆಟ್ಟಿಗೆ ಖಾಲಿ ಮಾಡಿದರು. ಅದೂ ಹಳದಿಯಾಯಿತು. ಮೂರನೆಯದರಲ್ಲಿ ಬಟ್ಟೆ ನೀಲಿಯಾಗುತ್ತ ಬಂತು, ಮಧ್ಯಾಹ್ನದ ಸಮುದ್ರದ ನೀಲಿ.

ನಾಲ್ಕು ಜನ ನಾಲ್ಕು ತುದಿ ಹಿಡಿದು ಎತ್ತಿದರು.

ಗುಂಡಗೆ ಬಿಳಿ ತಟ್ಟೆಗಳು. ಚಮಚ, ಚಾಕು. ಅಂಚಿನುದ್ದಕ್ಕೂ ಕೈಗಳು, ಗೆಣ್ಣು ಸೊಟ್ಟಗಾದವು, ಒಂದು ಬೆರಳಿಲ್ಲದ್ದು, ಉಂಗುರ ತೊಟ್ಟದ್ದು. ಜನ ತಂತಮ್ಮ ಕೈ ಹುಡುಕಿಕೊಂಡು ನೆರೆದರು. ಮೇಜಿನ ತಲೆಯ ಕಡೆ, ನೀಲಿಯ ನಡುವೆ, ಓರೆ ಹ್ಯಾಟಿನ ಕೆಳಗೆ ಒಂದು ಮುಖ ಇತ್ತು. ಹಣೆ, ಉದ್ದ ಮೂಗು, ಸ್ವಲ್ಪ ತೆರೆದ ತುಟಿ, ಗಲ್ಲ. ಒಂದು ಗೆರೆಯೂ ಕದಡಿರಲಿಲ್ಲ. ಬೇರೆಯವರೆಲ್ಲ ಅಷ್ಟಿಷ್ಟು ಅಲ್ಲಾಡಿ ಮಸುಕಾಗಿದ್ದರು. ಇಲ್ಮಾ ಪ್ಯಾಸ್ಕೋ ಮುಕ್ಕಾಲು ಗಂಟೆ ಅಲ್ಲಾಡಿರಲಿಲ್ಲ.

ಇಲ್ಮಾ ಕನ್ನಡಕ ತರಿಸಿಕೊಂಡು ಬಟ್ಟೆಯ ಹತ್ತಿರ ಹೋದರು. ಮರ್ವಿನ್ ಅವರ ಹಿಂದೆಯೇ ನಿಂತು ಶಿಕ್ಷೆಗೆ ಕಾದ.

"ಇಲ್ಮಾ, ನಿಮ್ಮ ಅಮ್ಮನ ಬಟ್ಟೆ ಅಂತ ನನಗೆ ಗೊತ್ತಿರಲಿಲ್ಲ. ಹಾಳು ಮಾಡಿಬಿಟ್ಟೆ. ತಪ್ಪಾಯ್ತು."

ಇಲ್ಮಾ ಬಿಳಿಯ ಮೂಗಿನ ಮೇಲೆ ಬೆರಳಾಡಿಸಿದರು. ತಮ್ಮ ಮೂಗನ್ನೂ ಮುಟ್ಟಿ ನೋಡಿಕೊಂಡರು.

"ಅವತ್ತು ಅಮ್ಮ ಇದನ್ನ ಹಾಸಿ, ಬಡಿಸಿ, ಒಳಗೆ ಹೋದಳು. ಯಾವ ಫೋಟೋದಲ್ಲೂ ಅವಳಿಲ್ಲ ಕಣೋ," ಎಂದರು. ಆಮೇಲೆ, "ಈಗ ಇಬ್ಬರೂ ಇದ್ದೀವಿ," ಎಂದರು.

ಮರ್ವಿನ್ ಅತ್ತುಬಿಟ್ಟ. ಅಳುವಾಗ ಬಣ್ಣ ಹತ್ತಿದ ಕೈಯಿಂದ ಮುಖ ಒರೆಸಿಕೊಂಡದ್ದರಿಂದ ಅವನ ಮೂಗೂ ಮೂರು ದಿನ ನೀಲಿಯಾಗಿತ್ತು. ಮಂಗಳವಾರ ಟ್ಯಾಮ್ಸಿನ್ ಬಟ್ಟೆ ನೋಡಲು ಕ್ಲಬ್ಬಿಗೇ ಬಂದಳು. ಕೈಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಕೊನೆಗೆ, ನಿಮ್ಮ ಹಿಂದಿನ ಕೃತಿಯಷ್ಟು ಪ್ರಾಮಾಣಿಕವಾಗಿಲ್ಲ, ಆದರೂ ಪಾಸು ಎಂದಳು.

ಬಟ್ಟೆ ದೊಡ್ಡದು, ನಾಲ್ಕನೇ ಮೊಳೆಯೊಂದೇ ಸಾಲಲಿಲ್ಲ, ಇನ್ನೂ ಏಳು ಬೇಕಾದವು. ಹೊಡೆಯುವ ಕೆಲಸ ಅಧ್ಯಕ್ಷನದು. ಕ್ಲಾರಿ ಏಳನೆಯದನ್ನು ಹೊಡೆದು, ಏಣಿಯಿಂದ ಇಳಿದು, ಎಡ ತುದಿಯಿಂದ ಬಲ ತುದಿಯವರೆಗೆ ಎರಡು ಸಲ ಹುಡುಕಿದ. ಮೂರನೇ ಸಲ ಹುಡುಕಿ, ನಾನೆಲ್ಲಿದ್ದೀನಿ ಎಂದು ಕೇಳಿದ. ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಇಲ್ಮಾ ಕೋಲಿನ ತುದಿಯಿಂದ ಬಳೆಯಂಥ ಒಂದು ಪುಟ್ಟ ಬಿಳಿ ಗುರುತನ್ನು ತೋರಿಸಿದರು. ಅವನು ಬಿಯರಿನ ಗ್ಲಾಸಿಟ್ಟ ಜಾಗ ಅದು.

"ಇಪ್ಪತ್ತೈದು ವರ್ಷ ತಡಿ ಕ್ಲಾರಿ," ಎಂದರು. "ಮುಂದಿನ ಸಲ ಒಂದು ಕಡೆ ಕೂತ್ಕೋ."